ಮೂರು ಹುಳ, ಒಂದೇ "ಔಷಧಿ"

ಬ್ಲಾಗಿನ ಕಡೆ ತಲೆ ಹಾಕಿ ಎರಡು ತಿಂಗಳಾಯ್ತು. ಒಂದು ರಿಲೀಸು ಮುಗೀತು ಅನ್ನೋಷ್ಟರಲ್ಲಿ ಇನ್ನೊಂದು ರಿಲೀಸು... ನಿಮ್ಮೆಲ್ಲರ ಬ್ಲಾಗುಗಳನ್ನು ಓದ್ತಾ ಇದ್ದೆ, ಕಾಮೆಂಟು ಹಾಕೋಕೆ ಮಾತ್ರ ಪುರುಸೊತ್ತಿರಲಿಲ್ಲ. ಇವತ್ತು ಬರೀತಿರೋದು ಸ್ವಲ್ಪ ಸಿಟ್ಟಿನಿಂದ. ಉದ್ದ ಆದ್ರೆ ಸಹಿಸ್ಕೊಳ್ಳಿ.

ಸಿಟ್ಟು ಶುರುವಾಗೋದು ಒಂದು ಪದದಿಂದ. ಆ ಪದ "ಹುಳ".

ನೋಡಿ, ಬಸವನಹುಳು ನಮಗೆ ಹುಳ. ಅದರ ಮೈಯೊಳಗೆ ಬೆಳೆದು, ಆಮೇಲೆ ಮನುಷ್ಯನ ರಕ್ತನಾಳ ಸೇರಿಕೊಳ್ಳುವ ಪರಾವಲಂಬಿಯೂ ಹುಳ. ಆ ಬಸವನಹುಳುವನ್ನೇ ಹಿಡಿದು ತಿನ್ನುವ ನೀರಿನ ಕೀಟವೂ ಹುಳವೇ. ರೋಗ ಕೊಡೋದು, ರೋಗ ಹೊರೋದು, ರೋಗಕ್ಕೆ ಅಡ್ಡ ನಿಲ್ಲೋದು, ಮೂರಕ್ಕೂ ಒಂದೇ ಹೆಸರು. ಇವನ್ನೆಲ್ಲ ಕೊಲ್ಲೋಕೆ ಹೊಡೆಯುವ ವಿಷಕ್ಕೆ ಏನಂತೀವಿ? "ಔಷಧಿ"! ಗದ್ದೆಗೆ ಔಷಧಿ ಹೊಡೆದೆ, ತೋಟಕ್ಕೆ ಔಷಧಿ ಹೊಡೆದೆ ಅಂತಲೇ ತಾನೆ ನಾವು ಹೇಳೋದು?

ಮಾತಿನಲ್ಲಿ ಹೀಗೆಲ್ಲ ಇರುತ್ತೆ, ಹೋಗಲಿ ಬಿಡಿ ಅನ್ನಬಹುದು. ಆದರೆ ಕೋಟ್ಯಂತರ ಜನರ ಆರೋಗ್ಯ ನೋಡಿಕೊಳ್ಳುವವರೂ, ಅವರ ಬೆಳೆ ನೋಡಿಕೊಳ್ಳುವವರೂ ಹೀಗೇ ಯೋಚಿಸಿದರೆ? ನನ್ನ ವಾದ ಇಷ್ಟೇ. ಬಸವನಹುಳುವಿನಿಂದ ಹರಡುವ ರೋಗಗಳಿಗೆ ಮಾತ್ರೆ ಹಂಚೋಕೆ ಖರ್ಚು ಮಾಡ್ತೀವಿ, ಬಸವನಹುಳು ಕೊಲ್ಲುವ ರಾಸಾಯನಿಕಕ್ಕೂ ಖರ್ಚು ಮಾಡ್ತೀವಿ. ಅದೇ ಹೊತ್ತಿಗೆ, ಆ ಕೆಲಸವನ್ನು ಬಿಟ್ಟಿಯಾಗಿ ಮಾಡ್ತಿದ್ದ ನೀರಿನ ಕೀಟಗಳನ್ನು ಇನ್ನೊಂದು ಕೈಯಿಂದ ಕೊಲ್ತೀವಿ. ಕೊಂದದ್ದಕ್ಕೆ ಲೆಕ್ಕವನ್ನೂ ಇಡಲ್ಲ.

ಮೊದಲು ರೋಗದ ವಿಷಯ. ಹೆಸರು ಸ್ಕಿಸ್ಟೊಸೋಮಿಯಾಸಿಸ್. 1851ರಲ್ಲಿ ಕೈರೋದಲ್ಲಿ ಈ ಹುಳವನ್ನು ಕಂಡುಹಿಡಿದ ಜರ್ಮನ್ ವೈದ್ಯ ಥಿಯೋಡರ್ ಬಿಲ್‌ಹಾರ್ಜ್ ನೆನಪಿಗೆ ಬಿಲ್‌ಹಾರ್ಜಿಯಾ ಅಂತಲೂ ಕರೀತಾರೆ. ರೋಗಿಯ ಮೂತ್ರದಲ್ಲೋ ಮಲದಲ್ಲೋ ಹುಳದ ಮೊಟ್ಟೆಗಳು ನೀರು ಸೇರುತ್ತವೆ. ಮೊಟ್ಟೆ ಒಡೆದು ಹೊರಬಂದ ಮರಿಗೆ ಸರಿಯಾದ ಜಾತಿಯ ಬಸವನಹುಳು ಬೇಗ ಸಿಗಲೇಬೇಕು, ಇಲ್ಲದಿದ್ರೆ ಸಾಯುತ್ತೆ. ಸಿಕ್ಕಿದರೆ ಅದರೊಳಗೆ ಕೆಲವು ವಾರ ಬೆಳೆದು, ಒಂದು ಹೋಗಿ ಸಾವಿರವಾಗಿ ಮತ್ತೆ ನೀರಿಗೆ ಬರುತ್ತೆ. ಆ ನೀರಿಗೆ ಯಾರಾದರೂ ಬಟ್ಟೆ ಒಗೆಯೋಕೋ ಈಜೋಕೋ ಇಳಿದರೆ ಚರ್ಮವನ್ನೇ ಕೊರೆದು ಒಳಗೆ ಹೋಗುತ್ತೆ. ಕುಡಿಯಬೇಕಾಗಿಯೇ ಇಲ್ಲ, ಕಾಲಿಟ್ಟರೆ ಸಾಕು. ಆಮೇಲೆ ಮೂತ್ರದಲ್ಲಿ ರಕ್ತ, ಊದಿದ ಪಿತ್ತಜನಕಾಂಗ, ರಕ್ತಹೀನತೆ, ಮಕ್ಕಳಲ್ಲಿ ಕುಂಠಿತ ಬೆಳವಣಿಗೆ.

ಬಸವನಹುಳುವಿನ ಪಾತ್ರ ಗೊತ್ತಾಗಿದ್ದು 1913ರಲ್ಲಿ, ಜಪಾನಿನಲ್ಲಿ. ಮಿಯಾಇರಿ ಮತ್ತು ಸುಜುಕಿ ಅನ್ನೋ ಇಬ್ಬರು ಅಲ್ಲಿನ ರೋಗದ ಚಕ್ರ ಬಿಡಿಸಿದರು. 1915ರಲ್ಲಿ ರಾಬರ್ಟ್ ಲೀಪರ್ ಈಜಿಪ್ಟಿನ ರೋಗಕ್ಕೂ ಬಸವನಹುಳುವೇ ದಾರಿ ಅಂತ ತೋರಿಸಿದರು. ಅಂದರೆ ಬಸವನಹುಳು ಇಲ್ಲದಿದ್ರೆ ಈ ರೋಗ ಮುಂದೆ ಹೋಗಲ್ಲ ಅನ್ನೋದು ನಮಗೆ ಗೊತ್ತಾಗಿ ನೂರು ವರ್ಷ ದಾಟಿದೆ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ 25 ಕೋಟಿಗೂ ಹೆಚ್ಚು ಜನರಿಗೆ ಇದರ ತಡೆ ಚಿಕಿತ್ಸೆ ಬೇಕಿತ್ತು. ಬಹುಪಾಲು ಆಫ್ರಿಕದವರು.

"ಮಾತ್ರೆ ಇದೆಯಲ್ಲ ಮಾರಾಯ, ಇನ್ನೇನು?" ಅಂತ ಕೇಳ್ತೀರಿ. ಇದೆ. ಪ್ರಾಜಿಕ್ವಾಂಟೆಲ್. 1970ರ ದಶಕದಲ್ಲಿ ಬಂದ ಒಳ್ಳೆಯ ಮಾತ್ರೆ, ಅದರ ಮೇಲೆ ನನಗೆ ಯಾವ ತಕರಾರೂ ಇಲ್ಲ. ದೇಹದಲ್ಲಿರುವ ಬೆಳೆದ ಹುಳಗಳನ್ನು ಕೊಲ್ಲುತ್ತೆ, ಎಷ್ಟೋ ಜನರ ಜೀವ ಉಳಿಸಿದೆ. ಆದರೆ ಮತ್ತೆ ಸೋಂಕು ತಗಲದ ಹಾಗೆ ತಡೆಯಲ್ಲ. ಬೆಳಿಗ್ಗೆ ಶಾಲೆಯಲ್ಲಿ ಮಾತ್ರೆ ನುಂಗಿದ ಹುಡುಗ ಸಂಜೆ ಅದೇ ಹೊಳೆಗೆ ಇಳಿಯುತ್ತಾನೆ. ಅಲ್ಲಿ ಬಸವನಹುಳು ಹಾಗೇ ಕಾಯ್ತಾ ಇರುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಎರರ್ ಬಂದಾಗಲೆಲ್ಲ ಸರ್ವರ್ ರೀಸ್ಟಾರ್ಟ್ ಮಾಡಿದ ಹಾಗೆ. ಮಾಡಲೇಬೇಕು, ಬೇಡ ಅನ್ನಲ್ಲ. ಆದರೆ ಎರರ್ ಎಲ್ಲಿಂದ ಬರ್ತಿದೆ ಅಂತ ನೋಡೋದು ಯಾವಾಗ?

ಎಲ್ಲಿಂದ ಬರ್ತಿದೆ ಅಂತ ನೋಡೋಕೆ ಸೆನೆಗಲ್‌ಗೆ ಹೋಗಬೇಕು. ಪಶ್ಚಿಮ ಆಫ್ರಿಕದ ಸೆನೆಗಲ್ ನದಿ ಸಮುದ್ರ ಸೇರುವ ಜಾಗದ ಹತ್ತಿರ 1986ರಲ್ಲಿ ಡಿಯಾಮಾ ಅಣೆಕಟ್ಟು ಕಟ್ಟಿ ಮುಗಿಸಿದರು. ಬೇಸಿಗೆಯಲ್ಲಿ ಉಪ್ಪುನೀರು ಮೇಲಕ್ಕೆ ನುಗ್ಗಬಾರದು, ವರ್ಷವಿಡೀ ಸಿಹಿನೀರು ಸಿಗಬೇಕು, ಭತ್ತ ಕಬ್ಬು ಬೆಳೀಬೇಕು ಅನ್ನೋದು ಉದ್ದೇಶ. ಉದ್ದೇಶ ಈಡೇರಿತು. ಜೊತೆಗೆ, ಕಬ್ಬಿನ ತೋಟಗಳ ಊರಾದ ರಿಶಾರ್-ಟೋಲ್‌ನಲ್ಲಿ 1988ರಲ್ಲಿ ಕರುಳಿನ ಸ್ಕಿಸ್ಟೊಸೋಮಿಯಾಸಿಸ್‌ನ ಮೊದಲ ರೋಗಿ ಸಿಕ್ಕ. ಕೆಲವೇ ವರ್ಷಗಳಲ್ಲಿ ಊರಿಗೆ ಊರೇ ರೋಗಕ್ಕೆ ಬಿತ್ತು. ಉಪ್ಪಿಲ್ಲದ, ಏರಿಳಿತವಿಲ್ಲದ, ಜೊಂಡು ಬೆಳೆದ ಕಾಲುವೆ ಅಂದರೆ ಬಸವನಹುಳುವಿಗೆ ತವರುಮನೆ.

ಇಷ್ಟೇ ಆಗಿದ್ರೆ "ಅಣೆಕಟ್ಟು ಕೆಟ್ಟದ್ದು" ಅಂತ ಒಂದು ಹಳೇ ಭಾಷಣ ಆಗ್ತಿತ್ತು. ವಿಷಯ ಅದಲ್ಲ. ಆ ನದಿಯಲ್ಲಿ ಒಂದು ದೊಡ್ಡ ಸಿಗಡಿ ಇತ್ತು. ಅದರ ಮರಿಗಳು ಬೆಳೆಯೋದು ಅಳಿವೆಯ ಸವಳು ನೀರಿನಲ್ಲಿ, ಆಮೇಲೆ ನದಿ ಹತ್ತಿ ಮೇಲೆ ಬರ್ತವೆ, ಬಸವನಹುಳು ತಿನ್ನುತ್ತವೆ. ಅಣೆಕಟ್ಟು ಆ ದಾರಿ ಮುಚ್ಚಿತು. ಅಂದರೆ ತಿನ್ನೋಕೆ ಇದ್ದವರನ್ನು ಹೊರಗಿಟ್ಟು, ತಿನ್ನಿಸಿಕೊಳ್ಳಬೇಕಿದ್ದವರಿಗೆ ಮನೆ ಕಟ್ಟಿಕೊಟ್ಟರು. ಸುಸಾನ್ ಸೊಕೊಲೊ ಮತ್ತು ಜೊತೆಗಾರರು ಲಂಪ್ಸಾರ್ ಅನ್ನೋ ಹಳ್ಳಿಯಲ್ಲಿ, ಜನ ನೀರಿಗಿಳಿಯುವ ಜಾಗದಲ್ಲಿ ಬಲೆ ಕಟ್ಟಿ ಸಿಗಡಿಗಳನ್ನು ಮತ್ತೆ ಬಿಟ್ಟು ನೋಡಿದರು. 2015ರಲ್ಲಿ ಪ್ರಕಟವಾದ ಫಲಿತಾಂಶ: ಪಕ್ಕದ ಹಳ್ಳಿಗೆ ಹೋಲಿಸಿದರೆ ಸೋಂಕಿತ ಬಸವನಹುಳುಗಳು ಸುಮಾರು 80% ಕಡಿಮೆ, ಜನರ ದೇಹದಲ್ಲಿ ಹುಳದ ಮೊಟ್ಟೆಗಳ ಪ್ರಮಾಣ ಸುಮಾರು ಅರ್ಧಕ್ಕೆ. ಮಾತ್ರೆ ಎರಡೂ ಹಳ್ಳಿಗೆ ಕೊಟ್ಟಿದ್ದರು. ವ್ಯತ್ಯಾಸ ಇದ್ದದ್ದು ನೀರಿನಲ್ಲಿ.

ಸಿಗಡಿ ಕೀಟ ಅಲ್ಲ, ಒಪ್ಪಿದೆ. ಬಸವನಹುಳು ತಿನ್ನುವವರು ಇದ್ದಾರೋ ಇಲ್ಲವೋ ಅನ್ನೋದು ಮನುಷ್ಯನ ಕಾಯಿಲೆಯ ಲೆಕ್ಕ ಬದಲಿಸುತ್ತೆ ಅಂತ ತೋರಿಸೋಕೆ ಅದನ್ನು ಹೇಳಿದ್ದು. ಸಿಗಡಿಯನ್ನು ತಂದು ಬಿಡಬೇಕು, ಮತ್ತೆ ಮತ್ತೆ ಬಿಡ್ತಾ ಇರಬೇಕು. ಕೀಟಗಳನ್ನು ಯಾರೂ ತರಬೇಕಾಗಿಲ್ಲ, ಹಾರಿಕೊಂಡು ಅವೇ ಬರ್ತವೆ.

ಯಾರ್ಯಾರು? ಮೊದಲನೆಯದು ನೀರುತಿಗಣೆ. ಇಂಗ್ಲಿಷಿನಲ್ಲಿ ಇದು ವಾಟರ್ ಬಗ್. ನಮ್ಮ ವೃತ್ತಿಯಲ್ಲಿ ಬಗ್ ಅಂದರೆ ಹುಡುಕಿ ಹುಡುಕಿ ಕೊಲ್ಲಬೇಕಾದದ್ದು, ನಾನು ಮಾತ್ರ ಇವತ್ತು ಬಗ್ ಪರ ವಕಾಲತ್ತು ಹಾಕ್ತಿದ್ದೀನಿ :-) ಚಪ್ಪಟೆ ಮೈ, ಕಂದು ಬಣ್ಣ, ಮುಂದಿನ ಎರಡು ಕಾಲು ಕುಡುಗೋಲಿನ ಹಾಗೆ. ಆ ಕಾಲಲ್ಲಿ ಬಸವನಹುಳುವನ್ನು ಹಿಡಿದು ಸೂಜಿಯಂಥ ಮೂತಿಯನ್ನು ಚಿಪ್ಪಿನ ಬಾಯೊಳಗೆ ಚುಚ್ಚುತ್ತೆ. ಎಂಜಲು ಬಿಟ್ಟು ಮಾಂಸ ಕರಗಿಸಿ ಹೀರುತ್ತೆ. ಕೊನೆಗೆ ಉಳಿಯೋದು ಖಾಲಿ ಚಿಪ್ಪು. ಇವುಗಳ ಕೆಲವು ಜಾತಿಗಳಲ್ಲಿ ಹೆಣ್ಣು ಮೊಟ್ಟೆ ಇಡೋದು ಗಂಡಿನ ಬೆನ್ನಿನ ಮೇಲೆ, ಮರಿ ಹೊರಬರೋ ತನಕ ಹೊತ್ತು ತಿರುಗೋದು ಅಪ್ಪನ ಕೆಲಸ. ಇದು ಎಲ್ಲೋ ದೂರದ ಪ್ರಾಣಿಯೂ ಅಲ್ಲ. ನಮ್ಮ ದೇಶದ ಕೆರೆ, ಗದ್ದೆಗಳಲ್ಲೇ ಇದೆ. ಕಲ್ಕತ್ತ ವಿಶ್ವವಿದ್ಯಾಲಯದ ಎಸ್. ಕೆ. ರಾವುತ್ ಮತ್ತು ಜೊತೆಗಾರರು 1990ರ ದಶಕದಲ್ಲೇ ಈ ತಿಗಣೆಗಳು ರೋಗ ಹರಡುವ ಬಸವನಹುಳುಗಳನ್ನು ಹೇಗೆ ತಿನ್ನುತ್ತವೆ ಅಂತ ಅಧ್ಯಯನ ಮಾಡಿದ್ದಾರೆ.

ಎರಡನೆಯದು ಒಂದು ಜಾತಿಯ ನೊಣ, ಸಯೊಮೈಜಿಡೆ ಕುಟುಂಬದ್ದು. ಇದರ ಮರಿಹುಳುಗಳು ಬಸವನಹುಳುವನ್ನೇ ತಿಂದು ಬದುಕುತ್ತವೆ ಅಂತ ಕ್ಲಿಫರ್ಡ್ ಬರ್ಗ್ 1953ರಲ್ಲಿ ಬರೆದರು. ಅದಾದ ಮೇಲೆ ಇದರ ಒಂದು ಜಾತಿಯನ್ನು ನಿಕರಾಗುವದಿಂದ ಹವಾಯಿಗೆ ಒಯ್ದು ಬಿಟ್ಟರು, ದನಗಳಿಗೆ ಲಿವರ್ ಫ್ಲೂಕ್ ಹರಡುವ ಬಸವನಹುಳುವಿನ ಮೇಲೆ. ಇನ್ನು ನೀರುದುಂಬಿಗಳ ಮರಿಗಳು, ಏರೋಪ್ಲೇನ್ ಚಿಟ್ಟೆಯ ಮರಿಗಳು (ಹೌದು, ಅವು ನೀರಲ್ಲೇ ಬೆಳೆಯೋದು) ಸಣ್ಣ ಬಸವನಹುಳು ಸಿಕ್ಕರೆ ಬಿಡಲ್ಲ. ಜಪಾನಿನಲ್ಲಿ ಜನ ಜಾತ್ರೆಯ ಹಾಗೆ ಸೇರಿ ನೋಡುವ ಗೆಂಜಿ ಮಿಂಚುಹುಳದ ಮರಿ ಹೊಳೆಯ ತಳದಲ್ಲಿ ಬಸವನಹುಳು ತಿಂದೇ ದೊಡ್ಡದಾಗೋದು. ಆ ಬಸವನಹುಳುವೂ ಸುಮ್ಮನೆ ಅಲ್ಲ, ಮನುಷ್ಯನ ಶ್ವಾಸಕೋಶ ಸೇರುವ ಒಂದು ಚಪ್ಪಟೆ ಹುಳಕ್ಕೆ ಮನೆ.

ಈಗ "ಔಷಧಿ" ವಿಷಯಕ್ಕೆ ಬರೋಣ. ಕ್ಲೋರ್‌ಪೈರಿಫಾಸ್ ಗೊತ್ತಲ್ಲ? ಭತ್ತದ ಗದ್ದೆಗೂ ಹೊಡೀತಾರೆ, ಮನೆಯ ಗೆದ್ದಲಿಗೂ ಹಾಕ್ತಾರೆ. ಕೀಟಗಳ ನರಮಂಡಲ ಕೆಡಿಸೋದು ಅದರ ಕೆಲಸ. ಗದ್ದೆಯಿಂದ ಕಾಲುವೆಗೆ ಹರಿದು ಬರುವಷ್ಟು ಪ್ರಮಾಣದಲ್ಲಿ ಅದು ನೀರುತಿಗಣೆಯನ್ನು, ಸಿಗಡಿ ಏಡಿಗಳನ್ನು ಮುಗಿಸುತ್ತೆ. ಬಸವನಹುಳುವಿಗೆ ಅಷ್ಟಾಗಿ ತಾಗಲ್ಲ, ಅದು ಆರಾಮಾಗಿರುತ್ತೆ. 2018ರಲ್ಲಿ ನೀಲ್ ಹಾಲ್‌ಸ್ಟೆಡ್, ಜೇಸನ್ ರೋರ್ ಮತ್ತು ಜೊತೆಗಾರರು ದೊಡ್ಡ ತೊಟ್ಟಿಗಳಲ್ಲಿ ಬಸವನಹುಳು, ನೀರುತಿಗಣೆ, ಕ್ರೇಫಿಶ್ ಎಲ್ಲ ಹಾಕಿ ಮಾಡಿದ ಪ್ರಯೋಗ ಪ್ರಕಟಿಸಿದರು. ಕೀಟನಾಶಕ ಹಾಕಿದಲ್ಲಿ ತಿನ್ನುವವರು ಸತ್ತು ಬಸವನಹುಳು ಹೆಚ್ಚಾಯ್ತು. ಗೊಬ್ಬರ ಮತ್ತು ಕಳೆನಾಶಕ ಹಾಕಿದಲ್ಲಿ ಪಾಚಿ ಹೆಚ್ಚಿ, ಅದನ್ನು ಮೇಯುವ ಬಸವನಹುಳುವೂ ಹೆಚ್ಚಾಯ್ತು. ಅಂದರೆ ಮೇಲಿಂದ ಊಟ ಹಾಕ್ತೀವಿ, ಪಕ್ಕದಿಂದ ಕಾವಲುಗಾರನನ್ನು ಕೊಲ್ತೀವಿ.

"ತೊಟ್ಟಿ ಬೇರೆ, ಕೆರೆ ಬೇರೆ" ಅಂತೀರಾ? ಪಶ್ಚಿಮ ಕೀನ್ಯಾದಲ್ಲಿ 48 ಕಡೆ ನೀರು ಪರೀಕ್ಷೆ ಮಾಡಿದ ಅಧ್ಯಯನ 2020ರಲ್ಲಿ ಬಂತು. ಕೃಷಿಯ ವಿಷ ಸೇರಿದ ನೀರಿನಲ್ಲಿ ರೋಗ ಹರಡುವ ಬಸವನಹುಳುಗಳದ್ದೇ ರಾಜ್ಯಭಾರ, ಅವುಗಳಿಗೆ ಪೈಪೋಟಿ ಕೊಡುವ ಕೀಟಗಳು ಕಮ್ಮಿ. ಅದೂ ತುಂಬಾ ಕಡಿಮೆ ಪ್ರಮಾಣದ ವಿಷಕ್ಕೇ!

ಇಂಜಿನಿಯರಿಂಗ್ ಓದಿದವರಿಗೆ ಇನ್ನೊಂದು ಮಾತು. ಎಂ-ತ್ರೀ ಪೇಪರಿಗೆ ಡಿಫರೆನ್ಶಿಯಲ್ ಈಕ್ವೇಶನ್‌ಗಳನ್ನು ಉರು ಹೊಡೆದಿದ್ದು ನೆನಪಿದೆಯಾ? ಅದನ್ನೇ ಇಟ್ಟುಕೊಂಡು ಇಟಲಿಯ ಗಣಿತಜ್ಞ ವಿಟೊ ವೊಲ್ಟೆರಾ 1926ರಲ್ಲಿ ಒಂದು ವಿಚಿತ್ರ ಸಂಗತಿ ತೋರಿಸಿದ. ತಿನ್ನುವ ಪ್ರಾಣಿ, ತಿನ್ನಿಸಿಕೊಳ್ಳುವ ಪ್ರಾಣಿ ಎರಡನ್ನೂ ಒಂದೇ ಸಮ ಕೊಲ್ತಾ ಹೋದರೆ, ಸರಾಸರಿಯಲ್ಲಿ ತಿನ್ನುವವನು ಕಡಿಮೆಯಾಗ್ತಾನೆ, ತಿನ್ನಿಸಿಕೊಳ್ಳುವವನು ಹೆಚ್ಚಾಗ್ತಾನೆ! ನೀರುತಿಗಣೆ ಬಸವನಹುಳು ಒಂದನ್ನೇ ನಂಬಿ ಬದುಕಲ್ಲ, ಹಾಗಾಗಿ ಸಮೀಕರಣ ಹಾಗ್ಹಾಗೇ ಹೊಂದಲ್ಲ, ಸರಿ. ಆದರೆ ಇಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದು. ನಾವು ಇಬ್ಬರನ್ನೂ ಸಮವಾಗಿ ಕೊಲ್ತಾ ಇಲ್ಲ, ತಿನ್ನುವವನನ್ನೇ ಹುಡುಕಿ ಕೊಂದ ಹಾಗಿದೆ.

ಹಾಗಾದ್ರೆ ಬಸವನಹುಳುವಿಗೇ ವಿಷ ಹಾಕಿದ್ರೆ? ಅದೂ ಇದೆ, ನಿಕ್ಲೋಸಮೈಡ್. ಕೊಲ್ಲುತ್ತೆ, ಜೊತೆಗೆ ಮೀನನ್ನೂ ಕೊಲ್ಲುತ್ತೆ. ಈ ಬಸವನಹುಳುಗಳಲ್ಲಿ ಹಲವು ಒಂದೇ ಮೈಯಲ್ಲಿ ಗಂಡೂ ಹೌದು ಹೆಣ್ಣೂ ಹೌದು. ಜೊಂಡಿನ ಸಂದಿಯಲ್ಲಿ ಒಂದೇ ಒಂದು ಉಳಿದರೂ ಮತ್ತೆ ಸಂಸಾರ ಹೂಡಬಲ್ಲದು. ಹಾಗಾಗಿ ಮತ್ತೆ ಹಾಕಬೇಕು, ಮತ್ತೆ ದುಡ್ಡು.

ಜಪಾನಿನ ಯಮನಾಶಿಯಲ್ಲಿ ಬಸವನಹುಳುವಿನ ಮೇಲೇ ಸಮರ ಸಾರಿ 1996ರಲ್ಲಿ ರೋಗ ಮುಗೀತು ಅಂತ ಘೋಷಿಸಿದರಲ್ಲ ಅಂತ ತಿಳಿದವರು ಕೇಳಬಹುದು. ನಿಜ, ಅದು ದೊಡ್ಡ ಗೆಲುವು. ಆದರೆ ಅದಕ್ಕೆ ಹಿಡಿದದ್ದು ದಶಕಗಳ ಕೆಲಸ. ಬರೀ ವಿಷ ಅಲ್ಲ, ಕಾಲುವೆ ಕಾಲುವೆಗೂ ಕಾಂಕ್ರೀಟ್ ಹಾಕಿದರು. ಅಷ್ಟು ದುಡ್ಡು ಇರುವ ದೇಶ ಮಾಡಿತು. ಸೆನೆಗಲ್‌ನ ಹಳ್ಳಿಗೆ ಹೋಗಿ "ನೀವೂ ನದಿಗೆ ಕಾಂಕ್ರೀಟ್ ಹಾಕಿಸ್ಕೊಳ್ಳಿ" ಅನ್ನೋದು ಸಲಹೆ ಅಲ್ಲ, ಗೇಲಿ.

ನನಗೆ ಸಿಟ್ಟು ಬರೋದು ಯಾಕಂದ್ರೆ ಈ ಪಾಠ ಕೃಷಿಯವರಿಗೆ ಹೊಸದೇ ಅಲ್ಲ. ಇಂಡೋನೇಷ್ಯಾದಲ್ಲಿ ಭತ್ತಕ್ಕೆ ಕಂದು ಜಿಗಿಹುಳು ಬಿದ್ದು, ಹೊಡೆದಷ್ಟೂ ಹೆಚ್ಚಾಗ್ತಿತ್ತು. ಹೊಡೆದ ವಿಷ ಜಿಗಿಹುಳು ತಿನ್ನುವ ಜೇಡಗಳನ್ನು, ಕೀಟಗಳನ್ನು ಮೊದಲು ಮುಗಿಸ್ತಿತ್ತು. 1986ರಲ್ಲಿ ಅಧ್ಯಕ್ಷ ಸುಹಾರ್ತೊ ಭತ್ತಕ್ಕೆ 57 ಕೀಟನಾಶಕಗಳನ್ನು ಒಂದೇ ಆದೇಶದಲ್ಲಿ ನಿಷೇಧಿಸಿದರು. ಭತ್ತ ನೆಲ ಕಚ್ಚಲಿಲ್ಲ. ಬೆಳೆ ಉಳಿಸೋಕೆ "ತಿನ್ನುವವರನ್ನು ಕೊಲ್ಲಬೇಡಿ" ಅನ್ನೋದು ಅರ್ಥವಾಗುತ್ತೆ, ಮಗುವಿನ ಮೂತ್ರದಲ್ಲಿ ಬರುವ ರಕ್ತ ನಿಲ್ಲಿಸೋಕೆ ಅದೇ ಮಾತು ಯಾಕೆ ಅರ್ಥವಾಗಲ್ಲ? ನನಗೆ ಕಾಣೋ ಉತ್ತರ ಸರಳ. ವಿಷದ ಖರ್ಚು ಒಂದು ಇಲಾಖೆಯ ಕಡತದಲ್ಲಿದೆ, ಮಾತ್ರೆಯ ಖರ್ಚು ಇನ್ನೊಂದರಲ್ಲಿದೆ, ನೀರುತಿಗಣೆ ಯಾರ ಕಡತದಲ್ಲೂ ಇಲ್ಲ.

ಇನ್ನು ನನ್ನ ಪರವಾಗಿಯೇ ಕುಣಿಯೋಕೆ ಬರುವವರಿಗೂ ಎರಡು ಮಾತು. "ಹಾಗಿದ್ರೆ ಎಲ್ಲಾ ಕೆರೆಗೂ ನೀರುತಿಗಣೆ ತಂದು ಬಿಡೋಣ, ಪ್ರಕೃತಿಯೇ ನೋಡಿಕೊಳ್ಳುತ್ತೆ" ಅನ್ನಬೇಡಿ. ಕೀನ್ಯಾಕ್ಕೆ ಅಮೆರಿಕದ ಕ್ರೇಫಿಶ್ ತಂದು ಬಿಟ್ಟರು. ಅದು ಬಸವನಹುಳು ತಿಂದದ್ದೂ ನಿಜ, ಅಲ್ಲಿನ ಕೆರೆಗಳ ಗಿಡಗಂಟಿಗಳನ್ನು ಹಾಳು ಮಾಡಿದ್ದೂ ನಿಜ. ನಮ್ಮಲ್ಲಿ ಸೊಳ್ಳೆಗೆಂದು 1928ರಲ್ಲಿ ಗಂಬೂಸಿಯಾ ಮೀನು ತಂದರು. ಕರ್ನಾಟಕದ ಬಾವಿ ಕೆರೆಗಳಿಗೂ ಗಂಬೂಸಿಯಾ, ಗಪ್ಪಿ ಬಿಟ್ಟಿದ್ದಾರೆ. ಗಂಬೂಸಿಯಾ ಸೊಳ್ಳೆಮರಿಯನ್ನಷ್ಟೇ ಆರಿಸಿ ತಿನ್ನಲ್ಲ. ಬೇರೆ ನೀರಿನ ಕೀಟಗಳ ಮರಿ, ಕಪ್ಪೆಮರಿ, ಬಾಯಿಗೆ ಸಿಕ್ಕಿದ್ದೆಲ್ಲ ತಿನ್ನುತ್ತೆ. ಹೊರಗಿನಿಂದ ತಂದು ಬಿಡೋದು ಕೊನೆಯ ದಾರಿ. ಇರುವವರನ್ನು ಕೊಲ್ಲದೇ ಇರೋದು ಮೊದಲನೆಯದು.

ಕೀಟಗಳೇ ರೋಗವನ್ನು ಪೂರ್ತಿ ಮುಗಿಸುತ್ತವೆ ಅಂತಲೂ ನಾನು ಹೇಳ್ತಿಲ್ಲ. ನೀರುತಿಗಣೆ ಮೀನುಮರಿಯನ್ನೂ ತಿನ್ನುತ್ತೆ. ಮೀನುಮರಿ ಸಾಕುವವರು ಕೊಳಕ್ಕೆ ಎಣ್ಣೆ-ಸೋಪಿನ ಮಿಶ್ರಣ ಹಾಕಿ ನೀರಿನ ಕೀಟಗಳನ್ನು ಮೊದಲೇ ತೆಗೀತಾರೆ. ಅದು ಅವರ ಹೊಟ್ಟೆಪಾಡು, ಅವರ ಕೊಳ. ಶೌಚಾಲಯ ಬೇಕು, ನಲ್ಲಿ ನೀರು ಬೇಕು, ಮಾತ್ರೆಯೂ ಬೇಕು. ಈ ಎಲ್ಲದರ ಜೊತೆಗೆ ಕಾವಲುಗಾರನೂ ಜೀವಂತ ಇರಲಿ ಅನ್ನೋದಷ್ಟೇ ನನ್ನ ಬೇಡಿಕೆ. ಸೆನೆಗಲ್‌ನಲ್ಲೇ ರೋರ್ ತಂಡ 2023ರಲ್ಲಿ ಪ್ರಕಟಿಸಿದ ಕೆಲಸ ನೋಡಿ. ಜನ ನೀರಿಗಿಳಿಯುವ ಜಾಗದಲ್ಲಿ ಬಸವನಹುಳುಗಳಿಗೆ ಮನೆಯಾಗಿದ್ದ ನೀರುಗಿಡಗಳನ್ನು ಕಿತ್ತರು, ಮಕ್ಕಳಲ್ಲಿ ಸೋಂಕು ಇಳಿಯಿತು. ಕಿತ್ತ ಗಿಡ ಗೊಬ್ಬರವಾಯ್ತು, ದನಕುರಿಗೆ ಮೇವಾಯ್ತು. ಗಿಡ ಅಷ್ಟು ಬೆಳೆದದ್ದಕ್ಕೆ ಹೊಲದಿಂದ ಹರಿದು ಬಂದ ರಸಗೊಬ್ಬರವೂ ಕಾರಣ. ಹೊಲ, ನೀರು, ಆಸ್ಪತ್ರೆ ಮೂರನ್ನೂ ಒಟ್ಟಿಗೆ ನೋಡಿದ್ರೆ ಇಂಥ ದಾರಿ ಸಿಗುತ್ತೆ.

"ಆಫ್ರಿಕದ ಕಥೆ ನಮಗ್ಯಾಕೆ?" ಅನ್ನುವವರು ಇರ್ತಾರೆ. 1952ರಲ್ಲಿ ಕೊಂಕಣದ ರತ್ನಾಗಿರಿ ಜಿಲ್ಲೆಯ ಗಿಮ್ವಿ ಅನ್ನೋ ಹಳ್ಳಿಯಲ್ಲಿ ಮನುಷ್ಯರಿಗೇ ಮೂತ್ರದ ಸ್ಕಿಸ್ಟೊಸೋಮಿಯಾಸಿಸ್ ಇರೋದನ್ನು ಗಾಡ್ಗೀಳ್ ಮತ್ತು ಶಾ ವರದಿ ಮಾಡಿದ್ದರು. ಅದು ಅಲ್ಲಿಗೇ ನಿಂತದ್ದು ನಮ್ಮ ಪುಣ್ಯ. ದನಗಳಿಗೆ ಆ ಪುಣ್ಯ ಇಲ್ಲ. ಮೂಗಿನೊಳಗೆ ಹೂಕೋಸಿನಂಥ ಗಡ್ಡೆ ಬೆಳೆದು ಗೊರಗೊರ ಸದ್ದು ಮಾಡ್ತಾ ಉಸಿರಾಡುವ ದನವನ್ನು ನೋಡಿದ್ದೀರಾ? ಅದೇ ಗೊರಕೆ ರೋಗ. ಅದಕ್ಕೆ ಕಾರಣವಾದ ಹುಳವನ್ನು 1933ರಲ್ಲಿ ವಿವರಿಸಿದ್ದು ಮದ್ರಾಸಿನ ಅನಂತ ನಾರಾಯಣ ರಾವ್. ಅದು ಸ್ಕಿಸ್ಟೊಸೋಮದ್ದೇ ಒಡಹುಟ್ಟು. ಅದನ್ನು ಹೊರುವುದು ನಮ್ಮ ಕೆರೆಗಳಲ್ಲಿ ಸಾಮಾನ್ಯವಾಗಿ ಕಾಣುವ, ಚಕ್ಕುಲಿಯ ಹಾಗೆ ಸುತ್ತಿಕೊಂಡ ಚಪ್ಪಟೆ ಬಸವನಹುಳು. ಹಾಲು ಇಳಿಸಿ ದನವನ್ನು ಸೊರಗಿಸುವ ಲಿವರ್ ಫ್ಲೂಕ್ ಬರೋದೂ ಬಸವನಹುಳುವಿನಿಂದಲೇ. ಕೆರೆಯಂಚಿನ ಹುಲ್ಲು ಮೇಯುವ ಒಂದೆರಡು ಹಸುವಿನ ಮೇಲೆ ಸಂಸಾರ ನಡೆಸುವವರಿಗೆ ಈ ಎರಡೂ ರೋಗ ಸಣ್ಣ ವಿಷಯ ಅಲ್ಲ.

2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಕ್ಲೋರ್‌ಪೈರಿಫಾಸನ್ನು ತೊಲಗಿಸಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿಸಿದವು, ಒಂದಷ್ಟು ವಿನಾಯಿತಿಗಳ ಜೊತೆ. ಒಳ್ಳೆಯದೇ. ಆದರೆ ಅದರ ಜಾಗಕ್ಕೆ ಇನ್ನೊಂದು ಡಬ್ಬಿ ಬರುತ್ತೆ. ಆ ಡಬ್ಬಿಗೆ ಅನುಮತಿ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆ ಇದು: ಇದು ಹರಿದು ಹೋಗುವ ನೀರಿನಲ್ಲಿ ಬಸವನಹುಳು ತಿನ್ನುವವರು ಯಾರ್ಯಾರಿದ್ದಾರೆ, ಹೊಡೆದ ಮೇಲೆ ಎಷ್ಟು ಉಳೀತಾರೆ? ಬಲೆ ಹಾಕಿ ಎಣಿಸಿದರೆ ಗೊತ್ತಾಗುತ್ತೆ, ರಾಕೆಟ್ ವಿಜ್ಞಾನ ಏನಲ್ಲ. ಕೃಷಿ, ಪಶುವೈದ್ಯ, ಆರೋಗ್ಯ ಮೂರೂ ಇಲಾಖೆಯವರು ಒಂದೇ ಮೇಜಿನ ಸುತ್ತ ಕೂತು ಆ ಲೆಕ್ಕ ನೋಡಬೇಕು. ಅಲ್ಲಿಯವರೆಗೆ ಡಬ್ಬಿಯ ಮೇಲೆ ಏನೇ ಬರೆದಿರಲಿ, ನಾನಂತೂ ಅದಕ್ಕೆ ಔಷಧಿ ಅನ್ನಲ್ಲ. ವಿಷ ಅಂತಲೇ ಅನ್ನೋದು.

ಕೊನೆಗೊಂದು ಕೆಲಸ ನಿಮಗೆ. ನಿಮ್ಮೂರಿನ ಕಡೆ ಈ ಬೆನ್ನ ಮೇಲೆ ಮೊಟ್ಟೆ ಹೊರುವ ನೀರುತಿಗಣೆಗೆ ಏನಂತಾರೆ? ಮಲೆನಾಡಿನವರು, ಕರಾವಳಿಯವರು, ಬಯಲುಸೀಮೆಯವರು, ಅಜ್ಜ ಅಜ್ಜಿಯರನ್ನು ಕೇಳಿ ಕಾಮೆಂಟಿನಲ್ಲಿ ಬರೀರಿ. ಬರೀ "ಹುಳ" ಅಂತ ಕರೆದು ಸಾಕಾಗಿದೆ, ಅದಕ್ಕೊಂದು ಹೆಸರಾದ್ರೂ ಸಿಗಲಿ. ನನ್ನ ವಾದ ಒಪ್ಪದವರೂ ಬನ್ನಿ, ಜಗಳ ಆಡೋಣ.